ವೇಷವಿಲ್ಲದ ಸೀಸರ್

ರಂಗಸಜ್ಜಿಕೆಯಿಲ್ಲ, ವೇಷಭೂಷಣವಿಲ್ಲ, ಕತ್ತಿ ಕಿರೀಟಗಳಿಲ್ಲ. ವಾದ್ಯವೃಂದದ ಬದಿಯಲ್ಲಿ ಗಾಯಕರು ಕುರ್ಚಿಗಳ ಮೇಲೆ ಕುಳಿತಿರುತ್ತಾರೆ. ತಮ್ಮ ಸರದಿ ಬಂದಾಗ ಎದ್ದು ಮುಂದೆ ಬಂದು ಹಾಡುತ್ತಾರೆ, ಹಾಡು ಮುಗಿದ ಮೇಲೆ ಮತ್ತೆ ಹೋಗಿ ಕೂರುತ್ತಾರೆ. ಒಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ಸಂಗೀತನಾಟಕವನ್ನು, ಹೀಗೆ ಕಛೇರಿಯ ರೂಪದಲ್ಲಿ ಒಪ್ಪಿಸುವ ಪದ್ಧತಿ ಲಂಡನ್ನಿನಲ್ಲಿ ಚೆನ್ನಾಗಿ ಬೇರೂರಿದೆ. ಬರೋಕ್ ಒಪೆರಾಗಳು, ಅಂದರೆ ಸ್ಥೂಲವಾಗಿ 1600ರಿಂದ 1750ರವರೆಗಿನ ಕೃತಿಗಳು, ಈ ರೂಪದಲ್ಲಿ ಆಗಾಗ ಕೇಳಸಿಗುತ್ತವೆ. ಹಳೆಯ ಕಾಲದ ವಾದ್ಯಗಳನ್ನೇ ನುಡಿಸುವ ತಂಡಗಳು ಊರಿಂದೂರಿಗೆ ಸಂಚರಿಸುವಾಗ ರಂಗಮಂಟಪವನ್ನು ಹೊತ್ತೊಯ್ಯುವ ಖರ್ಚಿಲ್ಲದೆ ಮೂರೂವರೆ ಗಂಟೆಯ ಕೃತಿಯೊಂದನ್ನು ಜನರ ಮುಂದಿಡಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಕಳೆದ ಚಳಿಗಾಲದಲ್ಲಿ ಬಾರ್ಬಿಕನ್ ಸಭಾಂಗಣದಲ್ಲಿ ಹದಿನೆಂಟನೆಯ ಶತಮಾನದ ಸಂಗೀತಕಾರ ಹ್ಯಾಂಡೆಲನ ‘ಜೂಲಿಯೊ ಚೆಸಾರೆ’ಯನ್ನು, ಅಂದರೆ ಜೂಲಿಯಸ್ ಸೀಸರನ ಒಪೆರಾವನ್ನು, ಈ ರೀತಿಯಲ್ಲಿ ಕೇಳಿದೆ. ಇದೇ ಕೃತಿಯನ್ನು ರಂಗದ ಮೇಲೆ ಪೂರ್ಣ ವೈಭವದಲ್ಲಿ ಹಿಂದೆ ನೋಡಿದ್ದ ನನಗೆ, ಕಣ್ಣಿಗೆ ಬೇಕಾದುದನ್ನೆಲ್ಲ ತೆಗೆದುಹಾಕಿದ ಮೇಲೆ ಏನು ಉಳಿಯುತ್ತದೆ ಎಂಬ ಕುತೂಹಲವಿತ್ತು.

ಜೊತೆಗೆ ಬಂದವರು ಮೈಸೂರಿನಿಂದ ನಮ್ಮ ಮನೆಗೆ ಬಂದು ಉಳಿದಿದ್ದ ಚಿಕ್ಕಮ್ಮ. ಬದುಕಿಡೀ ವೀಣೆ ಕಲಿಸಿದವರು. ಪಾಶ್ಚಾತ್ಯ ಸಂಗೀತದ ಬಗ್ಗೆ ಅವರಿಗೆ ಮೋಹವೂ ಇಲ್ಲ, ಮುನಿಸೂ ಇಲ್ಲ. “ಅರ್ಥ ಆಗದ ಭಾಷೇಲಿ ನಾಲ್ಕು ಗಂಟೆ ಕೂರೋದು ಹೇಗೇ?” ಎಂದು ಕೇಳಿದರು. ನಾನು ಹಿಂದಿನ ವಾರವೇ ಒಪೆರಾದ ಪಠ್ಯವನ್ನು ತೆಗೆದಿಟ್ಟು, ಸಂಜೆ ಅಡಿಗೆಯಾದ ಮೇಲೆ ಒಂದೊಂದೇ ಅಂಕದ ಕತೆಯನ್ನು ಅವರಿಗೆ ಹೇಳುತ್ತ ಬಂದೆ. ಬರೋಕ್ ಒಪೆರಾಗೆ ಹೋಗುವವರಿಗೆ ಈ ಸಿದ್ಧತೆಯನ್ನು ನಾನು ಯಾವಾಗಲೂ ಸೂಚಿಸುತ್ತೇನೆ. ಸಭಾಂಗಣದಲ್ಲಿ ಇಂಗ್ಲಿಷ್ ಅನುವಾದ ವೇದಿಕೆಯ ಮೇಲ್ಭಾಗದಲ್ಲಿ ಮೂಡುತ್ತದೆ, ನಿಜ. ಆದರೆ ಯಾರು ಯಾರ ಮಗ, ಯಾರು ವೇಷ ಮರೆಸಿಕೊಂಡಿದ್ದಾರೆ ಎಂಬುದನ್ನು ಅಲ್ಲಿ ಕುಳಿತು ಬಿಡಿಸಿಕೊಳ್ಳುತ್ತ ಹೋದರೆ ಸಂಗೀತ ಕೈತಪ್ಪುತ್ತದೆ.

ಕತೆ ಇಷ್ಟು. ಸೀಸರನು ತನ್ನ ಎದುರಾಳಿ ಪಾಂಪೇಯನ್ನು ಬೆನ್ನಟ್ಟಿ ಈಜಿಪ್ಟಿಗೆ ಬಂದಿದ್ದಾನೆ. ಪಾಂಪೇಯ ಹೆಂಡತಿ ಕೊರ್ನೇಲಿಯಾ, ಮಗ ಸೆಸ್ಟೊ ಸಂಧಾನ ಬೇಡುತ್ತಾರೆ, ಸೀಸರ್ ಒಪ್ಪುತ್ತಾನೆ. ಅಷ್ಟರಲ್ಲಿ ಈಜಿಪ್ಟಿನ ದೊರೆ ಟಾಲೆಮಿ, ಸೀಸರನನ್ನು ಮೆಚ್ಚಿಸಲು, ಪಾಂಪೇಯ ಕತ್ತರಿಸಿದ ತಲೆಯನ್ನೇ ಕಾಣಿಕೆಯಾಗಿ ಕಳಿಸುತ್ತಾನೆ. ಅಲ್ಲಿಂದ ಮುಂದೆ ಸೆಸ್ಟೊನ ಸೇಡು, ಕೊರ್ನೇಲಿಯಾಳ ದುಃಖ, ಸಿಂಹಾಸನಕ್ಕಾಗಿ ತನ್ನ ತಮ್ಮ ಟಾಲೆಮಿಯೊಂದಿಗೆ ಹೋರಾಡುತ್ತಿರುವ ಕ್ಲಿಯೋಪಾತ್ರಳ ಉಪಾಯ, ಉಪಾಯವಾಗಿ ಆರಂಭವಾಗಿ ನಿಜವಾಗುವ ಅವಳ ಪ್ರೇಮ, ಇವು ಹೆಣೆದುಕೊಳ್ಳುತ್ತವೆ. ಪಠ್ಯವನ್ನು ಹಳೆಯ ವೆನಿಸ್ ಒಪೆರಾವೊಂದರ ಪಠ್ಯದಿಂದ ನಿಕೊಲಾ ಹೈಮ್ ಅಳವಡಿಸಿದನು. ಮೊದಲ ಪ್ರದರ್ಶನ ನಡೆದದ್ದು 1724ರ ಫೆಬ್ರವರಿ 20ರಂದು, ಲಂಡನ್ನಿನ ಹೇಮಾರ್ಕೆಟ್ಟಿನಲ್ಲಿದ್ದ ಕಿಂಗ್ಸ್ ಥಿಯೇಟರಿನಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಸಂಗೀತಕಾರ, ಇಟಲಿಯ ಗಾಯಕರು, ಇಟಾಲಿಯನ್ ಭಾಷೆ, ಅದನ್ನು ಅರಿಯದ ಇಂಗ್ಲಿಷ್ ಪ್ರೇಕ್ಷಕರು! ಆ ಪ್ರೇಕ್ಷಕರು ಎರಡೂ ಭಾಷೆಗಳನ್ನು ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿದ ಪುಸ್ತಿಕೆ ಕೊಂಡು, ಪ್ರದರ್ಶನದುದ್ದಕ್ಕೂ ಉರಿಯುತ್ತಿದ್ದ ಮೇಣದ ಬತ್ತಿಗಳ ಬೆಳಕಿನಲ್ಲಿ ಓದಿಕೊಳ್ಳುತ್ತಿದ್ದರು ಎಂದು ಹೇಳಿದಾಗ ಚಿಕ್ಕಮ್ಮನಿಗೆ ಸಮಾಧಾನವಾಯಿತು. “ಹಾಗಾದ್ರೆ ಆಗಿನವರೂ ನನ್ನಂಥವರೇ” ಎಂದರು.

ಕಛೇರಿಯ ಹಿಂದಿನ ದಿನ ಬ್ರೂಕ್ ಸ್ಟ್ರೀಟಿನ 25ನೆಯ ಮನೆಗೆ ಹೋಗಿಬಂದೆವು. 1723ರಲ್ಲಿ ಹ್ಯಾಂಡೆಲ್ ಇದರ ಮೊದಲ ಬಾಡಿಗೆದಾರನಾಗಿ ಬಂದು, 1759ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದನು. ಈಗ ಅದೊಂದು ವಸ್ತುಸಂಗ್ರಹಾಲಯ. ಪಕ್ಕದ ಮನೆಯ ಮೇಲಂತಸ್ತಿನಲ್ಲಿ 1960ರ ದಶಕದ ಕೊನೆಯಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವಾಸವಿದ್ದುದರಿಂದ ಎರಡನ್ನೂ ಸೇರಿಸಿ ತೋರಿಸುತ್ತಾರೆ. ಕೋಣೆಗಳು ಅಷ್ಟೇನೂ ದೊಡ್ಡವಲ್ಲ. ಇಂಥ ಕೋಣೆಯಲ್ಲಿ ಕುಳಿತ ಗಾಯಕನ ಕಿವಿಗೆ ಹಾರ್ಪ್ಸಿಕಾರ್ಡಿನ, ಅಂದರೆ ಮನೆಗಳನ್ನು ಒತ್ತಿದಾಗ ತಂತಿ ಮೀಟುವ ಪಿಯಾನೊದಂಥ ವಾದ್ಯದ, ಪ್ರತಿಯೊಂದು ಮೀಟೂ ಕೇಳುತ್ತಿದ್ದಿರಬೇಕು. ಈಗ ನಾವು ಅದನ್ನು ಸುಮಾರು ಎರಡು ಸಾವಿರ ಜನ ಹಿಡಿಸುವ ಸಭಾಂಗಣದಲ್ಲಿ ಕೇಳಲು ಹೊರಟಿದ್ದೆವು.

ಬಾರ್ಬಿಕನ್ 1982ರಲ್ಲಿ ತೆರೆದ ಕಾಂಕ್ರೀಟಿನ ಕಲಾಕೇಂದ್ರ. ಸಭಾಂಗಣದ ಒಳಗೆ ಮಾತ್ರ ಎಲ್ಲೆಲ್ಲೂ ಮರ. ಕೆಳಗಿನ ಹಂತದ, ಅಂದರೆ ಸ್ಟಾಲ್ಸಿನ, ಬದಿಯ ಸೀಟುಗಳನ್ನು ಆರಿಸಿದ್ದಕ್ಕೆ ಕಾರಣವಿತ್ತು: ಕಛೇರಿ ರೂಪದಲ್ಲಿ ನೋಡತಕ್ಕದ್ದೆಂದರೆ ನುಡಿಸುವವರ ಕೈಗಳೇ, ಮತ್ತು ನಮ್ಮ ಬದಿಯಿಂದ ಹಾರ್ಪ್ಸಿಕಾರ್ಡಿನ ಮನೆಗಳು ನೇರವಾಗಿ ಕಾಣುತ್ತಿದ್ದವು. ವಾದಕರು ಮೂವತ್ತಕ್ಕಿಂತ ಹೆಚ್ಚಿರಲಿಲ್ಲ. ಪಿಟೀಲುಗಳಿಗೆ ಉಕ್ಕಿನ ತಂತಿಯ ಬದಲು ಕರುಳಿನ ತಂತಿ. ಕಮಾನು ಹೊರಕ್ಕೆ ತುಸು ಬಾಗಿದ್ದು. ಶ್ರುತಿ ಇಂದಿನ 440 ಹರ್ಟ್ಸ್ ಅಲ್ಲ, 415, ಅಂದರೆ ಅರ್ಧ ಮನೆಯಷ್ಟು ಕೆಳಗೆ. ದೀಪಗಳ ಕಾವಿಗೆ ಕರುಳಿನ ತಂತಿ ಬಹಳ ಬೇಗ ಜಾರುವುದರಿಂದ ಅವರು ಶ್ರುತಿ ಸೇರಿಸುತ್ತಲೇ ಇದ್ದರು. ಚಿಕ್ಕಮ್ಮನ ಕಣ್ಣು ನೆಟ್ಟದ್ದು ಥಿಯೋರ್ಬೊ ಎಂಬ ಉದ್ದ ಕೊರಳಿನ ವಾದ್ಯದ ಮೇಲೆ. ಆಳೆತ್ತರವನ್ನೂ ಮೀರುವ ಈ ವಾದ್ಯವನ್ನು ತೊಡೆಯ ಮೇಲೆ ಓರೆಯಾಗಿ ಹಿಡಿದು ಮೀಟುತ್ತಾರೆ. ಒತ್ತಿ ನುಡಿಸುವ ತಂತಿಗಳ ಜೊತೆಗೆ, ಕೊರಳಿನ ತುದಿಯವರೆಗೆ ಚಾಚಿದ, ಬರಿದೇ ಮೀಟುವ ಮಂದ್ರದ ತಂತಿಗಳು ಬೇರೆ. ಮೊದಲ ವಿರಾಮದಲ್ಲಿ ವೇದಿಕೆಯ ಅಂಚಿನವರೆಗೆ ಹೋಗಿ ನೋಡಿಬಂದ ಅವರು, “ಮೆಟ್ಟಿಲನ್ನೂ ಕರುಳಿನ ದಾರದಲ್ಲೇ ಕಟ್ಟಿದ್ದಾರೆ ಕಣೇ, ಬೇಕಾದ ಕಡೆಗೆ ಸರಿಸ್ಕೋಬಹುದು. ನಮ್ಮ ಹಾಗೆ ಮೇಣದಲ್ಲಿ ಕೂರಿಸೋ ಕಷ್ಟ ಇಲ್ಲ” ಎಂದು ವರದಿ ಒಪ್ಪಿಸಿದರು.

ಆರಂಭದ ವಾದ್ಯಸಂಗೀತವಾದ ಓವರ್ಚರ್ ಮುಗಿಯುತ್ತಿದ್ದಂತೆ ಎಲ್ಲ ಗಾಯಕರೂ ಎದ್ದು ಸೀಸರನನ್ನು ಸ್ವಾಗತಿಸುವ ವೃಂದಗಾನ ಹಾಡಿದರು. ಮೊದಲ ಹತ್ತು ನಿಮಿಷ ಕಿವಿ ಹೊಂದಿಕೊಳ್ಳಲು ಬೇಕಾಯಿತು. ಕರುಳಿನ ತಂತಿಯ ನಾದ ಸಭೆಯನ್ನು ತುಂಬುವುದಿಲ್ಲ, ನಾವೇ ಅದರ ಕಡೆಗೆ ಬಾಗಬೇಕಾಗುತ್ತದೆ. ಹೀಗೆ ಒಮ್ಮೆ ಬಾಗಿದ ಮೇಲೆ ಸಣ್ಣ ಸಣ್ಣ ಏರಿಳಿತಗಳೂ ದೊಡ್ಡವಾಗಿ ಕೇಳತೊಡಗುತ್ತವೆ. ಆಮೇಲೆ ಸೀಸರನ ಪಾತ್ರದ ಗಾಯಕ ಬಾಯಿ ತೆರೆದಾಗ ಹೆಣ್ಣಿನ ಶ್ರುತಿಯಲ್ಲಿ ಬಂದ ಧ್ವನಿಗೆ ಚಿಕ್ಕಮ್ಮ ನನ್ನ ಮುಖ ನೋಡಿದರು. 1724ರಲ್ಲಿ ಈ ಪಾತ್ರವನ್ನು ಹಾಡಿದವನು ಸೆನೆಸಿನೊ, ಧ್ವನಿ ಒಡೆಯದಿರಲೆಂದು ಬಾಲ್ಯದಲ್ಲಿ ಬೀಜ ತೆಗೆಸಿದ ಕ್ಯಾಸ್ಟ್ರಾಟೋ ಗಾಯಕ. ಟಾಲೆಮಿಯನ್ನು ಹಾಡಿದವನೂ ಅಂಥವನೇ, ಸೆಸ್ಟೊನನ್ನು ಹಾಡಿದವಳು ಮಾರ್ಗರಿಟಾ ದುರಸ್ತಾಂಟಿ ಎಂಬ ಹೆಂಗಸು. ಆ ಕಾಲಕ್ಕೆ ವೀರನ ಧ್ವನಿಯೆಂದರೆ ಎತ್ತರದ ಧ್ವನಿ. ಗಂಡುಗಂಟಲು ಟಾಲೆಮಿಯ ಸೇನಾಪತಿ ಅಕಿಲ್ಲಾನಂಥವರಿಗೆ. ಇಂದು ಆ ಪಾತ್ರಗಳನ್ನು ಕೌಂಟರ್‌ಟೆನರುಗಳು, ಅಂದರೆ ಕಳ್ಳಧ್ವನಿಯನ್ನೇ ಸಾಧನೆಯಿಂದ ಪಳಗಿಸಿಕೊಂಡ ಗಂಡಸರು, ಇಲ್ಲವೇ ಮಧ್ಯಮ ಎತ್ತರದ ಧ್ವನಿಯ ಮೆಝೋ ಗಾಯಕಿಯರು ಹಾಡುತ್ತಾರೆ. ರಂಗದ ಮೇಲೆ ಕವಚ ತೊಟ್ಟ ಗಂಡಸಿನ ಬಾಯಿಂದ ಈ ಧ್ವನಿ ಬಂದಾಗ ಒಂದು ಬಗೆಯ ಅಸಂಗತ ಭಾವ ಕಡೆಯವರೆಗೂ ಉಳಿದಿತ್ತು. ಇಲ್ಲಿ ಕಪ್ಪು ಕೋಟು ತೊಟ್ಟ ಮನುಷ್ಯ ಹಾಡುತ್ತಿದ್ದುದರಿಂದ ಅದು ಎರಡನೆಯ ಹಾಡಿಗೇ ಕರಗಿತು.

ಪಾಂಪೇಯ ತಲೆ ಬರುವ ಸಂದರ್ಭ. ರಂಗದಲ್ಲಿ ನಾನು ನೋಡಿದ್ದಾಗ ರಕ್ತ ಬಳಿದ ಮೇಣದ ತಲೆಯೊಂದನ್ನು ತಂದಿದ್ದರು, ಸಭೆಯಲ್ಲಿ ಒಂದಿಬ್ಬರು ನಕ್ಕಿದ್ದರು. ಇಲ್ಲಿ ತಟ್ಟೆಯಿಲ್ಲ, ತಲೆಯಿಲ್ಲ. ಅಕಿಲ್ಲಾ ತನ್ನ ದೊರೆಯ ಕಾಣಿಕೆಯನ್ನು ಒಪ್ಪಿಸುವ ಮಾತು ಆಡಿದ. ಹಾರ್ಪ್ಸಿಕಾರ್ಡ್ ಒಂದು ಸ್ವರಗುಚ್ಛ ಹಾಕಿ ನಿಂತಿತು. ಕೊರ್ನೇಲಿಯಾ ಕುರ್ಚಿಯಿಂದ ಎದ್ದಳು, ಅಷ್ಟೇ. ಇಂಥ ಕಡೆಗಳಲ್ಲಿ ಕೆಲಸ ಮಾಡುವುದು ಕಾಂಟಿನ್ಯುವೊ ಎಂಬ ಪುಟ್ಟ ಗುಂಪು: ಚೆಲ್ಲೊ, ಹಾರ್ಪ್ಸಿಕಾರ್ಡ್, ಥಿಯೋರ್ಬೊ. ಇವರ ಮುಂದಿನ ಹಾಳೆಯಲ್ಲಿ ಹ್ಯಾಂಡೆಲ್ ಬರೆದಿರುವುದು ಮಂದ್ರದ ಒಂದು ಸಾಲು, ಅದರ ಜೊತೆಗೆ ಹೆಚ್ಚೆಂದರೆ ಕೆಲವು ಅಂಕಿಗಳು ಮಾತ್ರ. ಆ ಅಂಕಿಗಳನ್ನು ನೋಡಿ ಯಾವ ಸ್ವರಗುಚ್ಛ, ಎಷ್ಟು ದಟ್ಟ, ಎಷ್ಟು ನಿಧಾನ ಎಂಬುದನ್ನೆಲ್ಲ ಆ ಕ್ಷಣಕ್ಕೆ ತೀರ್ಮಾನಿಸುವವರು ನುಡಿಸುವವರೇ. ಮಾತಿನಂತೆ ಸಾಗುವ ರೆಸಿಟೆಟಿವ್ ಭಾಗಗಳಲ್ಲಿ ತಾಳದ ಕಟ್ಟೂ ಇಲ್ಲ; ಗಾಯಕನ ಉಸಿರು ನೋಡಿಕೊಂಡು ಅನುಸರಿಸಬೇಕು. ನಾವು ಹೋದ ಸಂಜೆಯ ನಿರ್ದೇಶಕರು ತಾವೇ ಹಾರ್ಪ್ಸಿಕಾರ್ಡಿನ ಮುಂದೆ ಕುಳಿತು ಒಂದು ಕೈಯಲ್ಲಿ ನುಡಿಸುತ್ತ ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದರು. ವೀಣೆಯವರಾದ ಚಿಕ್ಕಮ್ಮನಿಗೆ ಮೊದಲು ಹಿಡಿಸಿದ್ದು ಇದು. “ಬರೆದದ್ದನ್ನೇ ನುಡಿಸ್ತಾರೆ ಅಂತ ತಿಳ್ಕೊಂಡಿದ್ದೆ. ಇವರಿಗೂ ಮನೋಧರ್ಮ ಉಂಟು!”

ಇನ್ನು ಈ ಬರಹಕ್ಕೆ ಮುಖ್ಯವಾದ ವಿಷಯ. ಈ ಒಪೆರಾದ ಆರಿಯಾಗಳಲ್ಲಿ, ಅಂದರೆ ಒಬ್ಬರೇ ಹಾಡುವ ಹಾಡುಗಳಲ್ಲಿ, ಹೆಚ್ಚಿನವು ದ ಕಾಪೋ ಎಂಬ ಕಟ್ಟಿನಲ್ಲಿವೆ: ಮೊದಲ ಭಾಗ, ಬೇರೆ ಭಾವದ ಅಥವಾ ಬೇರೆ ಶ್ರುತಿಯ ಎರಡನೆಯ ಭಾಗ, ಆಮೇಲೆ ಮೊದಲ ಭಾಗ ಮತ್ತೊಮ್ಮೆ, ಈ ಸಲ ಗಾಯಕನ ಸ್ವಂತ ಅಲಂಕಾರಗಳೊಂದಿಗೆ. ಆಧುನಿಕ ರಂಗನಿರ್ದೇಶಕರಿಗೆ ಈ ಮರುಕಳಿಕೆ ದೊಡ್ಡ ತಲೆನೋವು. ಒಬ್ಬಳು ತನ್ನ ದುಃಖವನ್ನು ಹೇಳಿಕೊಂಡಾಯಿತು, ಅದೇ ಮಾತನ್ನು ಇನ್ನೂ ಮೂರು ನಿಮಿಷ ಹೇಳುತ್ತಾಳೆ; ಪ್ರೇಕ್ಷಕ ಬೇಸರಗೊಂಡಾನು ಎಂದು ನೃತ್ಯಗಾರರನ್ನು ಕರೆತರುತ್ತಾರೆ, ಗೋಡೆ ತಿರುಗಿಸುತ್ತಾರೆ, ಗಾಯಕಿಗೆ ಬಟ್ಟೆ ಬದಲಾಯಿಸಲು ಹೇಳುತ್ತಾರೆ. ಕಛೇರಿಯಲ್ಲಿ ಇದು ಯಾವುದಕ್ಕೂ ಅವಕಾಶವಿಲ್ಲ. ಮರುಕಳಿಕೆ ಬತ್ತಲೆಯಾಗಿ ಬರುತ್ತದೆ, ಬಂದಾಗ ಅದು ಮರುಕಳಿಕೆಯೇ ಅಲ್ಲವೆಂದು ಗೊತ್ತಾಗುತ್ತದೆ.

ಸೆಸ್ಟೊನ ‘ಸ್ವೆಲ್ಯಾತೆವಿ ನೆಲ್ ಕೋರೆ’ ಇದನ್ನು ಮೊದಲು ತೋರಿಸಿಕೊಟ್ಟಿತು. ತಂದೆಯ ಕೊಲೆಗೆ ಸೇಡು ತೀರಿಸುತ್ತೇನೆ ಎಂದು ಹುಡುಗ ಸಿ ಮೈನರ್ ಶ್ರುತಿಯಲ್ಲಿ ಅಬ್ಬರಿಸುತ್ತಾನೆ. ಪಿಟೀಲುಗಳು ಅವನ ಬೆನ್ನಿಗೆ ಓಡುತ್ತವೆ. ಒಮ್ಮೆಗೇ ಎಲ್ಲವೂ ನಿಧಾನವಾಗುತ್ತದೆ. ಎರಡನೆಯ ಭಾಗದಲ್ಲಿ ತಂದೆಯ ನೆರಳು ಅವನೊಂದಿಗೆ ಮಾತಾಡುತ್ತಿದೆ, ಮಗನೇ, ಕಠಿಣನಾಗು ಎನ್ನುತ್ತಿದೆ. ಗಾಯಕಿ ಇಲ್ಲಿ ಧ್ವನಿಯನ್ನು ಎಷ್ಟು ಇಳಿಸಿದಳೆಂದರೆ ಮಾತು ಸಭೆಗಲ್ಲ, ತನಗೇ ಹೇಳಿಕೊಂಡಂತಿತ್ತು. ಅನಂತರ ಅದೇ ಅಬ್ಬರ ಮತ್ತೆ ಬಂತು, ಆದರೆ ಈಗ ಅಬ್ಬರಿಸುತ್ತಿರುವವನು ತಂದೆಯ ಮಾತನ್ನು ಕೇಳಿದವನು. ಮೊದಲ ಸಲ ಹುಡುಗನ ಸಿಟ್ಟಾಗಿದ್ದದ್ದು ಎರಡನೆಯ ಸಲ ಹೊರಿಸಿದ ಹೊರೆಯಾಗಿತ್ತು. ಸ್ವರಗಳು ಬಹುತೇಕ ಅವೇ.

ವಿರಾಮದಲ್ಲಿ ಚಿಕ್ಕಮ್ಮ ಇದನ್ನೇ ಎತ್ತಿಕೊಂಡರು. “ನಮ್ಮಲ್ಲೂ ಅನುಪಲ್ಲವಿ ಆದಮೇಲೆ, ಚರಣ ಆದಮೇಲೆ ಪಲ್ಲವಿಗೆ ಬರ್ತೀವಲ್ಲ. ಆದ್ರೆ ನಾವು ಸಂಗತಿಗಳನ್ನೆಲ್ಲ ಮೊದಲೇ ಹಾಕಿಬಿಡ್ತೀವಿ. ತಿರುಗಿ ಬಂದಾಗ ಪಲ್ಲವಿ ಸರಳವಾಗಿರುತ್ತೆ. ಇವರು ಮೊದಲು ಸರಳವಾಗಿ ಹಾಡಿ, ವಾಪಸ್ ಬಂದಾಗ ಸಂಗತಿ ಹಾಕ್ತಾರೆ.” ನಾನು ಈ ಕೃತಿಯ ಬಗ್ಗೆ ಓದಿದ್ದರಲ್ಲೆಲ್ಲೂ ಇಷ್ಟು ಸ್ಪಷ್ಟವಾದ ಮಾತನ್ನು ಕಂಡಿರಲಿಲ್ಲ. ಒಂದು ವ್ಯತ್ಯಾಸವನ್ನು ನಾನು ಸೇರಿಸಿದೆ: ಇಲ್ಲಿನ ಅಲಂಕಾರ ರಾಗದ ಚೆಲುವನ್ನು ಬಿಡಿಸಿ ತೋರಿಸುವುದಕ್ಕಿಂತ ಹೆಚ್ಚಾಗಿ ಪಾತ್ರದ ಮನಸ್ಸು ಎಷ್ಟು ಕದಡಿದೆ ಎಂಬುದನ್ನು ಹೇಳಬೇಕು. ಆ ಸಂಜೆಯ ಗಾಯಕರಲ್ಲಿ ಎಲ್ಲರೂ ಇದನ್ನು ಪಾಲಿಸಿದರೆನ್ನಲಾರೆ. ಟಾಲೆಮಿಯ ಪಾತ್ರಧಾರಿ ತನ್ನ ಗಂಟಲಿನ ಸಾಮರ್ಥ್ಯವನ್ನು ತೋರಿಸುವುದರಲ್ಲೇ ಇದ್ದ. ಆದರೆ ಟಾಲೆಮಿ ಅಂಥ ಮನುಷ್ಯನೇ ಆದ್ದರಿಂದ ಅದು ಒಪ್ಪಿತು.

‘ವಾ ತಾಚಿತೊ’ ಬಂದಾಗ ಹಾರ್ನ್ ವಾದಕಿ ತನ್ನ ಜಾಗದಿಂದ ಎದ್ದು ಬಂದು ಸೀಸರನ ಪಕ್ಕದಲ್ಲಿ ನಿಂತಳು. ಬೇಟೆಗಾರನು ಸದ್ದಿಲ್ಲದೆ, ಅಡಗಿಕೊಂಡು ಹೋಗುತ್ತಾನೆ ಎಂದು ಹೇಳುತ್ತ ಟಾಲೆಮಿಯ ಮೋಸ ತನಗೆ ತಿಳಿದಿದೆಯೆಂದು ಸೀಸರ್ ಸೂಚಿಸುವ ಹಾಡಿದು. ಆಗಿನ ಹಾರ್ನಿಗೆ ವಾಲ್ವುಗಳಿಲ್ಲ. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ ಮಾತ್ರ, ತುಟಿಯ ಬಿಗಿತವನ್ನು ಬದಲಿಸುತ್ತಲೇ ಎಲ್ಲ ಸ್ವರಗಳನ್ನೂ ಹೊರಡಿಸಬೇಕು. ಕೆಲವು ಸ್ವರಗಳು ನಮ್ಮ ಕಿವಿಗೆ ತುಸು ಓರೆಯಾಗಿಯೇ ಬರುತ್ತವೆ. ಗಾಯಕ ಒಂದು ಎಳೆ ಹಾಡಿದರೆ ಹಾರ್ನ್ ಅದನ್ನು ಹಿಡಿದು ಹಿಂಬಾಲಿಸುತ್ತಿತ್ತು; ಮರುಕಳಿಕೆಯಲ್ಲಿ ಗಾಯಕ ಹಾಕಿದ ಹೊಸ ಅಲಂಕಾರಕ್ಕೆ ಅವಳು ಅಷ್ಟೇ ಉದ್ದದ ಉತ್ತರ ಕೊಟ್ಟಳು, ಅವನು ನಕ್ಕ, ಸಭೆಯೂ ನಕ್ಕಿತು. ಅಲ್ಲಿಯವರೆಗೆ ಚಪ್ಪಾಳೆಗೆ ಎಡೆಗೊಡದೆ ನಡೆಸಿಕೊಂಡು ಬಂದಿದ್ದ ನಿರ್ದೇಶಕರು ಇಲ್ಲಿ ಕೈಚೆಲ್ಲಬೇಕಾಯಿತು.

ಎರಡನೆಯ ಅಂಕದ ಮೊದಲಿಗೆ ಬರುವ ‘ವಾದೋರೊ ಪುಪಿಲ್ಲೆ’ಯಲ್ಲಿ ನನ್ನ ವಾದಕ್ಕೆ ಹ್ಯಾಂಡೆಲನೇ ಸಾಕ್ಷಿ ನುಡಿಯುತ್ತಾನೆ. ಕ್ಲಿಯೋಪಾತ್ರ ಸೀಸರನನ್ನು ಸೆಳೆಯಲು ಪಾರ್ನಾಸಸ್ ಬೆಟ್ಟದ ದೃಶ್ಯವನ್ನೇ ನಿರ್ಮಿಸಿ, ಒಂಬತ್ತು ಕಲಾದೇವಿಯರ ನಡುವೆ ಕುಳಿತು ಹಾಡುತ್ತಾಳೆ. ಇದಕ್ಕಾಗಿ ಹ್ಯಾಂಡೆಲ್ ಮುಖ್ಯ ವಾದ್ಯವೃಂದದಿಂದ ಬೇರೆಯಾಗಿ ವೇದಿಕೆಯ ಮೇಲೊಂದು ಪುಟ್ಟ ಗುಂಪನ್ನು ಇರಿಸಿದನು. ಅದರಲ್ಲಿ ಹಾರ್ಪ್, ಥಿಯೋರ್ಬೊ, ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ವಿಯೋಲ ದ ಗಾಂಬ ಎಲ್ಲ ಇವೆ. ನಾವು ಕೇಳಿದ ಸಂಜೆ ಆ ಗುಂಪು ಹಿಂದೆ ಎತ್ತರದಲ್ಲಿ ನಿಂತಿತ್ತು, ನಾದ ಬೇರೆ ಕೋಣೆಯಿಂದ ತೇಲಿಬಂದಂತೆ ಕೇಳುತ್ತಿತ್ತು. ಎರಡನೆಯ ಭಾಗ ಮುಗಿದು, ಕಿವಿ ಮರುಕಳಿಕೆಗೆ ಕಾಯುತ್ತಿರುವಾಗ, ಸೀಸರ್ ಅಡ್ಡ ಬಾಯಿ ಹಾಕುತ್ತಾನೆ: ಸ್ವರ್ಗದ ಗುಡುಗಿನ ದೇವನಲ್ಲೂ ಇಂಥ ಗಾನವಿಲ್ಲ! ಹಾಗೆ ಹೇಳಿದ ಮೇಲೆ ಅವಳು ಮೊದಲ ಭಾಗವನ್ನು ಮತ್ತೆ ಹಾಡುತ್ತಾಳೆ. ಬಲೆಗೆ ಬಿದ್ದನೆಂದು ಈಗ ಅವಳಿಗೆ ಗೊತ್ತು, ನಮಗೂ ಗೊತ್ತು.

ಕಛೇರಿ ರೂಪದಲ್ಲಿ ಕಳೆದುಕೊಳ್ಳುವುದೂ ಇದೆ, ಅದನ್ನು ಮರೆಮಾಚಬಾರದು. ಕ್ಲಿಯೋಪಾತ್ರ ಲಿಡಿಯಾ ಎಂಬ ದಾಸಿಯ ವೇಷದಲ್ಲಿದ್ದಾಳೆ ಎಂಬುದು ಅದೇ ಹಸಿರು ಗೌನಿನಲ್ಲಿ ನಿಂತವಳನ್ನು ನೋಡಿದರೆ ತಿಳಿಯುವಂತಿಲ್ಲ. ಮೂರನೆಯ ಅಂಕದಲ್ಲಿ ಸೆಸ್ಟೊ ಕೊನೆಗೂ ಟಾಲೆಮಿಯನ್ನು ಕೊಲ್ಲುತ್ತಾನೆ; ಇಡೀ ಒಪೆರಾ ಕಾಯುತ್ತಿದ್ದ ಈ ಘಟನೆ ರೆಸಿಟೆಟಿವಿನ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕತ್ತಿಯೂ ಇಲ್ಲದ ವೇದಿಕೆಯಲ್ಲಿ ಟಾಲೆಮಿ ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕುಳಿತು ನೀರು ಕುಡಿದ. ನನ್ನ ಎಡಗಡೆಯ ಮಹನೀಯರೊಬ್ಬರು ಅವನು ಸತ್ತನೇ ಎಂದು ಪಕ್ಕದವರನ್ನು ಪಿಸುಮಾತಿನಲ್ಲಿ ಕೇಳಿದರು.

ಆದರೂ ‘ಪಿಯಾಂಜೆರೋ ಲಾ ಸೋರ್ತೆ ಮಿಯಾ’ಗಾಗಿ ನಾನು ಅದನ್ನೆಲ್ಲ ಬಿಟ್ಟುಕೊಡಬಲ್ಲೆ. ತಮ್ಮನ ಸೆರೆಯಾಳಾದ ಕ್ಲಿಯೋಪಾತ್ರ, ಸೀಸರ್ ಸತ್ತನೆಂದು ನಂಬಿ, ಎದೆಯಲ್ಲಿ ಪ್ರಾಣವಿರುವವರೆಗೂ ನನ್ನ ವಿಧಿಗಾಗಿ ಅಳುತ್ತೇನೆ ಎನ್ನುತ್ತಾಳೆ. ಆ ಅಳು ಇ ಮೇಜರ್ ಶ್ರುತಿಯಲ್ಲಿದೆ, ದುಃಖಕ್ಕೆ ಸಾಮಾನ್ಯವಾಗಿ ಬಳಸುವ ಮೈನರ್ ಅಲ್ಲ. ಅದರಿಂದ ಗೋಳು ಎನಿಸದೆ ಅವಳ ರಾಣಿತನ ಉಳಿಯುತ್ತದೆ. ಕಟ್ಟು ಸೆಸ್ಟೊನ ಹಾಡಿಗೆ ನೇರ ವಿರುದ್ಧ: ಇಲ್ಲಿ ಮೊದಲ ಭಾಗ ನಿಧಾನ, ಎರಡನೆಯದು ಬಿರುಸು. ಸತ್ತ ಮೇಲೆ ದೆವ್ವವಾಗಿ ಬಂದು ಹಗಲಿರುಳೂ ಆ ಕ್ರೂರಿಯನ್ನು ಕಾಡುತ್ತೇನೆ ಎಂದು ಅವಳು ಸಿಡಿಯುತ್ತಾಳೆ, ತಾನಗಳು ಮೇಲಕ್ಕೆ ಹಾರುತ್ತವೆ, ಕೆಳಗಿನ ಚೆಲ್ಲೊಗಳು ಗುಡುಗುತ್ತವೆ. ಆ ಬಿರುಸು ಮುಗಿದಾಗ ಸಭೆಯಲ್ಲಿ ಯಾರೂ ಅಲುಗಾಡಲಿಲ್ಲ. ಗಾಯಕಿ ಬೇಕೆಂತಲೇ ತಡೆದು, ಉಸಿರು ಸುಧಾರಿಸಿಕೊಂಡು, ಮರುಕಳಿಕೆಯನ್ನು ಮೊದಲಿಗಿಂತ ಮೆಲ್ಲಗೆ ಎತ್ತಿಕೊಂಡಳು. ಸಿಟ್ಟು ಅವಳ ಶಕ್ತಿಯನ್ನೆಲ್ಲ ಹೀರಿಬಿಟ್ಟಿತ್ತು. ಅಲಂಕಾರಗಳನ್ನು ಅವಳು ಸೇರಿಸಿದ್ದು ಅತ್ಯಲ್ಪ. ಒಂದೆರಡು ಕಡೆ ಸ್ವರವನ್ನು ತಡವಾಗಿ ಮುಟ್ಟಿದಳು, ಒಂದು ಕಡೆ ಮೇಲಿನ ಸ್ವರಕ್ಕೆ ಹೋಗುವಂತೆ ತೋರಿ ಹೋಗಲಿಲ್ಲ. ಥಿಯೋರ್ಬೊ ವಾದಕ ಅದನ್ನು ಗಮನಿಸಿ ತನ್ನ ಮೀಟನ್ನು ಹಿಡಿದುಕೊಂಡದ್ದು ನಮ್ಮ ಸೀಟಿನಿಂದ ಕಂಡಿತು. ರಂಗದ ಪ್ರದರ್ಶನದಲ್ಲಿ ಇದೇ ಕ್ಷಣದಲ್ಲಿ ಗಾಯಕಿಯ ಸುತ್ತ ಕಾವಲುಗಾರರು ಓಡಾಡುತ್ತಿದ್ದರು, ಮರುಕಳಿಕೆಯನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಹ್ಯಾಂಡೆಲನ ನಾಟಕ ನಡೆಯುವುದು ಕಾವಲುಗಾರರ ನಡುವೆ ಅಲ್ಲ. ಒಂದು ಸಾಲನ್ನು ಮೊದಲ ಸಲ ಹಾಡಿದವಳಿಗೂ ಅದನ್ನೇ ಎರಡನೆಯ ಸಲ ಹಾಡುವವಳಿಗೂ ನಡುವೆ. ಚಿಕ್ಕಮ್ಮ ಆ ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಆದರೆ ಮುಂದಿನ ಅರ್ಧ ಗಂಟೆಯಲ್ಲಿ ಒಂದು ಆರಿಯಾದ ಮರುಕಳಿಕೆಯನ್ನು ಸಮಯ ಉಳಿಸಲು ಕತ್ತರಿಸಿದಾಗ, “ಯಾಕೆ, ವಾಪಸ್ ಬರಲೇ ಇಲ್ವಲ್ಲ?” ಎಂದು ತಟಕ್ಕನೆ ಕೇಳಿದರು. ಆ ಕತ್ತರಿ ನನಗೂ ಸರಿಬರಲಿಲ್ಲ. ಒಂದು ಹಾಡನ್ನು ಪೂರ್ತಿ ಬಿಡುವುದು ಅದನ್ನು ಅರ್ಧ ಹಾಡುವುದಕ್ಕಿಂತ ವಾಸಿ.

ಕೊನೆಯ ವೃಂದಗಾನದಲ್ಲಿ ಬರೋಕ್ ಒಪೆರಾದ ಒಂದು ವಿನೋದ ಕಣ್ಣಿಗೇ ಬೀಳುತ್ತದೆ. ಆಗಿನ ಒಪೆರಾ ಮಂಡಳಿಯಲ್ಲಿ ಪ್ರತ್ಯೇಕ ವೃಂದಗಾಯಕರಿರಲಿಲ್ಲ. ಪಾತ್ರಧಾರಿಗಳೇ ಸೇರಿ ಹಾಡುತ್ತಿದ್ದರು. ಕೆಳಧ್ವನಿಯ ಸಾಲಿಗೆ ಅಕಿಲ್ಲಾ ಬೇಕು, ಆದರೆ ಅವನು ಸತ್ತಿದ್ದಾನೆ, ಟಾಲೆಮಿಯೂ ಸತ್ತಿದ್ದಾನೆ. ರಂಗದಲ್ಲಾದರೆ ಸತ್ತವರು ಮರೆಯಲ್ಲಿ ನಿಂತು ಹಾಡಿ ನಿಭಾಯಿಸಬಹುದು. ಕಛೇರಿಯಲ್ಲಿ ಮರೆಯೆಲ್ಲಿ? ಇಬ್ಬರೂ ಎದ್ದು ನಿಂತು, ತಮ್ಮನ್ನು ಗೆದ್ದವರ ಪಕ್ಕದಲ್ಲೇ, ನಮ್ಮ ಎದೆಗೆ ಆನಂದ ಮರಳಲಿ ಎಂದು ನಗುನಗುತ್ತ ಹಾಡಿದರು. ನಾಲ್ಕೂ ಹಾರ್ನುಗಳು ಮೊಳಗಿದವು. ಚಪ್ಪಾಳೆಯಲ್ಲಿ ಹಾರ್ನ್ ವಾದಕಿಗೆ ಸೀಸರನಿಗಿಂತ ಕಡಿಮೆಯೇನೂ ಬರಲಿಲ್ಲ.

ಮೂರ್‌ಗೇಟ್ ನಿಲ್ದಾಣದ ಕಡೆಗೆ ನಡೆಯುತ್ತ, ಇದಾದ ಒಂದೇ ವರ್ಷದೊಳಗೆ ಹ್ಯಾಂಡೆಲ್ ‘ತಮೆರ್ಲಾನೊ’, ‘ರೊದೆಲಿಂದ’ ಎಂಬ ಇನ್ನೆರಡು ದೊಡ್ಡ ಒಪೆರಾಗಳನ್ನು ರಂಗಕ್ಕೆ ತಂದನೆಂದು ಹೇಳಿದೆ. 1731ರಲ್ಲಿ ಅವನು ಅಲೆಕ್ಸಾಂಡರನ ಎದುರು ಸೋತ ಪೋರಸ್ ದೊರೆಯ ಕತೆಯನ್ನೂ ‘ಪೋರೊ’ ಎಂಬ ಹೆಸರಿನಲ್ಲಿ ಒಪೆರಾ ಮಾಡಿದ, ಅದರಲ್ಲೂ ಸೆನೆಸಿನೊನೇ ಪೋರಸನಾಗಿ ಹಾಡಿದ ಎಂದಾಗ ಚಿಕ್ಕಮ್ಮ ನಿಂತರು.

“ಅದನ್ನು ಇಲ್ಲಿ ಯಾರಾದ್ರೂ ಮಾಡ್ತಾರಾ?”

“ಅಪರೂಪ, ಚಿಕ್ಕಮ್ಮ. ಮಾಡಿದ್ರೆ ಹೀಗೆ ಕಛೇರಿಯಾಗಿಯೇ ಮಾಡೋದು ಹೆಚ್ಚು.”

“ಅದೇ ಒಳ್ಳೇದು. ವೇಷ ಹಾಕಿದ್ರೆ ನಮ್ಮ ರಾಜನಿಗೆ ಏನು ತೊಡಿಸ್ತಾರೋ! ಟಿಕೆಟ್ ಬಂದಾಗ ನನಗೊಂದು ಫೋನ್ ಮಾಡು.”